ನೀರಿಗೆ ಬಿದ್ದ ನಿಂಟೆಂಡೊ ಸ್ವಿಚ್: ಅಕ್ಕಿ ಡಬ್ಬ ಮುಚ್ಚಿ, ಸ್ಕ್ರೂಡ್ರೈವರ್ ಹುಡುಕಿ

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್ ನೀರಿಗೆ ಬಿತ್ತಾ? ಚಾರ್ಜರ್ ಹಾಕಿದ್ದರೆ ಮೊದಲು ಗೋಡೆಯ ಪ್ಲಗ್ ಪಾಯಿಂಟ್ ಆಫ್ ಮಾಡಿ. ಆಮೇಲೆ ಕೇಬಲ್ ಎಳೆಯಿರಿ. ಗೇಮ್ ಓಡುತ್ತಿದ್ದರೂ ಸರಿ, ಸ್ಲೀಪ್‌ನಲ್ಲಿದ್ದರೂ ಸರಿ, ಪವರ್ ಬಟನ್ ಒತ್ತಿ 12 ಸೆಕೆಂಡ್ ಹಿಡಿಯಿರಿ. ಪೂರ್ತಿ ಆಫ್ ಆಗುತ್ತದೆ. ಸೇವ್ ಮಾಡಿ ಆಫ್ ಮಾಡೋಣ ಅಂತ ಮೆನುಗೆ ಹೋಗಬೇಡಿ. ಬೀಳುವಾಗಲೇ ಪೂರ್ತಿ ಆಫ್ ಆಗಿತ್ತು ಅಂತ ಖಾತ್ರಿ ಇದ್ದರೆ ಮಾತ್ರ ಬಟನ್ ಮುಟ್ಟಬೇಡಿ, ಮುಟ್ಟಿದರೆ ಆನ್ ಆಗಿಬಿಡುತ್ತದೆ.

ಇಷ್ಟಾಯ್ತಾ? ಈಗ ಕೂತು ಓದಬಹುದು.

2017ರಲ್ಲಿ ಬಂದ ಮೊದಲ ನಿಂಟೆಂಡೊ ಸ್ವಿಚ್ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಎಲ್‌ಇಡಿ ಮಾಡೆಲ್ಲಿಗೂ, ಸ್ವಿಚ್ ಲೈಟ್ ಮಾಡೆಲ್ಲಿಗೂ ತತ್ವ ಒಂದೇ. ಸ್ಕ್ರೂಗಳ ಜಾಗ ಬೇರೆ, ಅದಕ್ಕೆ ಆಯಾ ಮಾಡೆಲ್ಲಿನ ವಿಡಿಯೊ ನೋಡಿಕೊಳ್ಳಿ.

ಒಣಗಿಸುವುದು ಮೂರನೇ ಕೆಲಸ

ನೀರು ಬಿದ್ದ ತಕ್ಷಣ ಎಲ್ಲರ ತಲೆಗೂ ಬರುವುದು ಬೇಗ ಒಣಗಿಸಬೇಕು ಅನ್ನುವ ಯೋಚನೆ. ಆದರೆ ಮೊದಲ ಕೆಲಸ ಕರೆಂಟ್ ಕಡಿಯುವುದು. ಎರಡನೆಯದು ನೀರು ಒಳಗೆ ತಂದು ಹಾಕಿದ ಕೊಳೆ ತೊಳೆಯುವುದು. ಒಣಗಿಸುವುದು ಅದಾದ ಮೇಲೆ. ಈ ಕ್ರಮ ತಪ್ಪಿದರೆ ಚೆನ್ನಾಗಿ ಒಣಗಿದ ಸತ್ತ ಸ್ವಿಚ್ ಕೈಗೆ ಬರುತ್ತದೆ, ಅಷ್ಟೇ.

ಕಾರಣ ಇಷ್ಟು. ಅಪ್ಪಟ ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ನಮ್ಮ ನಲ್ಲಿ ನೀರು ಅಂಥದ್ದಲ್ಲ. ಬೋರ್‌ವೆಲ್ ನೀರಂತೂ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೋರ್ಡಿನ ಮೇಲೆ ಚಿಪ್ಪಿನ ಎರಡು ಕಾಲುಗಳ ನಡುವೆ ಇಂಥ ಒಂದು ಹನಿ ಕೂತರೆ, ಆ ಕಾಲುಗಳಲ್ಲಿ ವೋಲ್ಟೇಜ್ ಇದ್ದರೆ, ಒಂದು ಕಡೆಯ ತಾಮ್ರ ಕರಗಲು ಶುರುವಾಗುತ್ತದೆ. ಹೈಸ್ಕೂಲಿನಲ್ಲಿ ಬೀಕರ್ ಇಟ್ಟು ತೋರಿಸಿದ್ದರಲ್ವಾ, ಅದೇ ಎಲೆಕ್ಟ್ರೋಲಿಸಿಸ್. ಇಲ್ಲಿ ಕಾಲುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿನಷ್ಟು. ಹಾಗಾಗಿ ಹಾಳಾಗಲು ಹೆಚ್ಚು ಹೊತ್ತು ಬೇಡ.

ಇಲ್ಲೊಂದು ತೊಡಕಿದೆ. ಸ್ವಿಚ್ ಆಫ್ ಮಾಡಿದರೂ ಒಳಗಿನ 4310 ಎಂಎಎಚ್ ಬ್ಯಾಟರಿ ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಪವರ್ ಬಟನ್ ಒತ್ತಿದಾಗ ಎಚ್ಚರವಾಗಲು ಕಾದಿರುವ ಭಾಗಕ್ಕೂ, ಚಾರ್ಜಿಂಗ್ ಭಾಗಕ್ಕೂ ಆಗಲೂ ಕರೆಂಟ್ ಸಿಗುತ್ತಿರುತ್ತದೆ. ಸೋನಿಯ ಹಳೇ ಗೇಮ್ ಯಂತ್ರ ಪಿಎಸ್‌ಪಿ ಇಟ್ಟುಕೊಂಡವರು ಪುಣ್ಯವಂತರು, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಎತ್ತಿಟ್ಟರೆ ಮುಗಿಯಿತು. ಗೇಮ್‌ಬಾಯ್ ಆದರೆ ಪೆನ್ಸಿಲ್ ಸೆಲ್ ತೆಗೆದರೆ ಸಾಕು. ಸ್ವಿಚ್‌ನಲ್ಲಿ ಆ ಭಾಗ್ಯ ಇಲ್ಲ. ಕರೆಂಟ್ ನಿಜವಾಗಿ ಕಡಿಯಬೇಕು ಅಂದರೆ ಬಿಚ್ಚಲೇಬೇಕು.

ಅಕ್ಕಿ ಯಾಕೆ ಬೇಡ

ಅಕ್ಕಿ ಸುತ್ತಲಿನ ಗಾಳಿಯ ತೇವವನ್ನು ನಿಧಾನಕ್ಕೆ ಸ್ವಲ್ಪ ಎಳೆದುಕೊಳ್ಳಬಹುದು. ಪ್ಲಾಸ್ಟಿಕ್ ಕವಚದೊಳಗೆ, ಅದರೊಳಗಿನ ಲೋಹದ ತಗಡಿನ ಕೆಳಗೆ, ಚಿಪ್ಪಿನ ಅಡಿಯಲ್ಲಿ ಕೂತ ಹನಿಯನ್ನು ಎಳೆಯಲು ಅದಕ್ಕೆ ಆಗಲ್ಲ. ಬದಲಿಗೆ ಅಕ್ಕಿಯ ಹಿಟ್ಟು ಫ್ಯಾನಿನ ಕಿಂಡಿಗೆ, ಗೇಮ್ ಕಾರ್ಡ್ ಸ್ಲಾಟಿಗೆ, ಯುಎಸ್‌ಬಿ ಪೋರ್ಟಿಗೆ ಹೋಗಿ ತೇವದ ಜೊತೆ ಅಂಟಾಗುತ್ತದೆ. ಒದ್ದೆ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಎರಡು ದಿನ ಅಕ್ಕಿಯಲ್ಲಿಟ್ಟೆ, ಸರಿಹೋಯ್ತು ಅನ್ನುವವರು ಸಿಗುತ್ತಾರೆ. ಎರಡು ದಿನ ಅದನ್ನು ಯಾರೂ ಮುಟ್ಟಲಿಲ್ಲ, ಆನ್ ಮಾಡಲಿಲ್ಲ, ಅದಕ್ಕೆ ಉಳಿಯಿತು. ಅಕ್ಕಿಗೆ ಸುಮ್ನೆ ಹೆಸರು ಬಂತು.

ಹೇರ್ ಡ್ರೈಯರ್ ಇನ್ನೂ ಕೆಟ್ಟದ್ದು. ಬಿಸಿ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ, ಪರದೆಯ ಅಂಟು ಸಡಿಲ ಮಾಡುತ್ತದೆ, ಬ್ಯಾಟರಿ ಕಾಯಿಸುತ್ತದೆ. ಬಿಸಿಲಿಗೆ ಇಡುವುದೂ ಬೇಡ. ಸ್ವಿಚ್ ಕೆಲಸ ಮಾಡಲು ನಿಂಟೆಂಡೊ ಹೇಳುವ ತಾಪಮಾನ 5ರಿಂದ 35 ಡಿಗ್ರಿ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ನೆರಳೇ 40 ದಾಟುತ್ತದೆ, ಬಿಸಿಲಿನ ಮಾತು ಬಿಡಿ.

ಮೊದಲ ಹತ್ತು ನಿಮಿಷ

ಎರಡೂ ಜಾಯ್‌ಕಾನ್, ಅಂದರೆ ಎರಡು ಬದಿಯ ಕಂಟ್ರೋಲರ್, ಕಳಚಿ. ಹಿಂದಿರುವ ಚಿಕ್ಕ ದುಂಡು ಬಟನ್ ಒತ್ತಿಕೊಂಡು ಮೇಲಕ್ಕೆ ಜಾರಿಸಿದರೆ ಬರುತ್ತವೆ. ಗೇಮ್ ಕಾರ್ಡ್ ತೆಗೆಯಿರಿ, ಸ್ಟ್ಯಾಂಡಿನ ಕೆಳಗಿನ ಮೈಕ್ರೊಎಸ್‌ಡಿ ಕಾರ್ಡ್ ತೆಗೆಯಿರಿ. ಕಾರ್ಡುಗಳನ್ನು ಒರೆಸಿ ಬೇರೆ ಇಡಿ. ಗೇಮ್ ಕಾರ್ಡ್ ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡುವ ಅಭ್ಯಾಸ ಇದ್ದರೆ ಬೇಡ. ಮಕ್ಕಳು ನುಂಗದಿರಲಿ ಅಂತ ಅದಕ್ಕೆ ಡೆನಟೋನಿಯಂ ಬೆಂಜೊಯೇಟ್ ಅನ್ನುವ ಕಹಿ ಬಳಿದಿರುತ್ತಾರೆ, ಹಾಗಲಕಾಯಿ ಅದರ ಮುಂದೆ ಸಿಹಿ.

ಹೊರಗಿನ ನೀರನ್ನು ಹತ್ತಿಬಟ್ಟೆಯಿಂದ ಒತ್ತಿ ಹೀರಿಸಿ. ಅಲ್ಲಾಡಿಸಬೇಡಿ, ಕೊಡವಬೇಡಿ. ಒಂದು ಮೂಲೆಯಲ್ಲಿದ್ದ ನೀರು ಇಡೀ ಬೋರ್ಡಿಗೆ ಹರಡುತ್ತದೆ. ನೀರು ಯಾವ ಕಡೆಯಿಂದ ಒಳಗೆ ಹೋಯಿತೋ ಆ ಕಡೆಯೇ ಕೆಳಗೆ ಬರುವಂತೆ ಟವೆಲ್ ಮೇಲೆ ನಿಲ್ಲಿಸಿ. ಮೇಲಿನ ಫ್ಯಾನ್ ಕಿಂಡಿಯಿಂದ ಹೋಗಿದ್ದರೆ ತಲೆಕೆಳಗು ಮಾಡಿ. ಕೆಳಗಿನ ಚಾರ್ಜಿಂಗ್ ಪೋರ್ಟಿನಿಂದ ಹೋಗಿದ್ದರೆ ನೆಟ್ಟಗೆ ನಿಲ್ಲಿಸಿ.

ಸ್ವಿಚ್ ಬಿಸಿಯಾಗುತ್ತಿದ್ದರೆ, ಬೆನ್ನು ಉಬ್ಬಿದ್ದರೆ, ನೇಲ್ ಪಾಲಿಶ್ ಥರದ ಸಿಹಿ ಘಾಟು ಬಂದರೆ ಇಲ್ಲಿಗೇ ನಿಲ್ಲಿಸಿ. ಅದು ಲಿಥಿಯಂ ಬ್ಯಾಟರಿ ಕೆಟ್ಟಿರುವ ಲಕ್ಷಣ. ಮುಟ್ಟಲು ಆಗುವಂತಿದ್ದರೆ ಬಯಲಿಗೆ ತಂದು, ಸುಡುವಂಥದ್ದು ಏನೂ ಹತ್ತಿರ ಇಲ್ಲದ ಕಡೆ ಸಿಮೆಂಟ್ ನೆಲದ ಮೇಲಿಡಿ. ಮುಂದಿನದು ನಿಮ್ಮ ಕೆಲಸ ಅಲ್ಲ.

ಬಿದ್ದದ್ದು ಏನು?

ಇದರ ಮೇಲೆ ಮುಂದಿನ ಕೆಲಸ ಎಷ್ಟು ಅನ್ನುವುದು ನಿರ್ಧಾರ ಆಗುತ್ತದೆ. ಕುಡಿಯುವ ನೀರು, ಮಳೆ ನೀರು ಆದರೆ ಬಚಾವ್, ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಮಾನ್ಯವಾಗಿ ಸಾಕು. ಕಾಫಿ, ಟೀ, ಬೂಸ್ಟ್, ಜ್ಯೂಸ್, ಕೋಲಾ ಆದರೆ ಸಕ್ಕರೆ ಇರುತ್ತದೆ, ಹಾಲಿನ ಜಿಡ್ಡೂ ಇರುತ್ತದೆ. ಸಕ್ಕರೆ ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗಲ್ಲ. ಮೊದಲು ಶುದ್ಧ ನೀರಿನಲ್ಲೇ ತೊಳೆಯಬೇಕು. ಸಮುದ್ರದ ನೀರಾದರೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಬಿದ್ದರೆ ಅವತ್ತೇ ಬಿಚ್ಚಬೇಕು. ಉಪ್ಪು ರಾತ್ರಿ ನಿದ್ದೆ ಮಾಡಲ್ಲ.

ನೀರು ಹಾಳು ಮಾಡಿದ್ದನ್ನು ಮತ್ತೆ ನೀರಿನಲ್ಲಿ ತೊಳೆಯುವುದಾ ಅಂತ ಗಾಬರಿ ಬೇಡ. ಬ್ಯಾಟರಿ ಕನೆಕ್ಟರ್ ತೆಗೆದ ಮೇಲೆ ಬೋರ್ಡಿಗೆ ಶುದ್ಧ ನೀರಿನಿಂದ ತೊಂದರೆ ಇಲ್ಲ. ಬೇಕಾಗಿರುವುದು ಡಿಸ್ಟಿಲ್ಡ್ ವಾಟರ್. ಯುಪಿಎಸ್, ಕಾರ್ ಬ್ಯಾಟರಿಗೆ ಹಾಕುವ ನೀರು ಅಂತ ಕೇಳಿದರೆ ಬ್ಯಾಟರಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಆಸಿಡ್ ಡಬ್ಬ ತರಬೇಡಿ, ಲೇಬಲ್ ಓದಿ ತನ್ನಿ. ಆರ್‌ಒ ನೀರು ಅಷ್ಟು ಶುದ್ಧವಲ್ಲ. ಬೇರೇನೂ ಸಿಗದಿದ್ದರೆ ಮಾತ್ರ.

ಸಾಮಾನು

ಹಿಂದಿನ ಕವಚದ ನಾಲ್ಕು ಮೂಲೆ ಸ್ಕ್ರೂಗಳ ತಲೆ ಮೂರು ಕವಲಿನದ್ದು. ಅದಕ್ಕೆ ವೈ00 ಬಿಟ್ ಬೇಕು. ಮೊಬೈಲ್ ರಿಪೇರಿ ಕಿಟ್‌ನಲ್ಲಿ ಬರುವ ವೈ ಬಿಟ್ ಎಷ್ಟೋ ಸಲ ಐಫೋನಿನ 0.6 ಮಿಲಿಮೀಟರಿನದ್ದು. ಅದು ಸ್ವಿಚ್‌ಗೆ ಚಿಕ್ಕದು, ಹಾಕಿ ತಿರುಗಿಸಿದರೆ ಸ್ಕ್ರೂ ತಲೆ ನುಣ್ಣಗಾಗಿ ಆಮೇಲೆ ಯಾವ ಬಿಟ್ಟಿಗೂ ಬಗ್ಗಲ್ಲ. ಉಳಿದವಕ್ಕೆ 00 ಮತ್ತು 000 ಸೈಜಿನ ಪ್ಲಸ್ ಬಿಟ್. ಜೊತೆಗೆ ಪ್ಲಾಸ್ಟಿಕ್ ಓಪನರ್, ಮೆತ್ತನೆ ಹೊಸ ಟೂತ್‌ಬ್ರಶ್, ಕಂಪ್ಯೂಟರ್ ಪ್ರೊಸೆಸರ್‌ಗೆ ಹಾಕುವ ಥರ್ಮಲ್ ಪೇಸ್ಟ್.

ಮುಖ್ಯವಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯವರ ಬಾಯಲ್ಲಿ ಐಪಿಎ. ಶೇಕಡಾ 99ರದ್ದು ತನ್ನಿ. 70ರದ್ದರಲ್ಲಿ ಉಳಿದ 30 ಪಾಲು ನೀರೇ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್, ಹ್ಯಾಂಡ್ ಸ್ಯಾನಿಟೈಸರ್ ಎರಡೂ ಬೇಡ, ಅವುಗಳಲ್ಲಿ ಬೆರೆಸಿದ ಎಣ್ಣೆ, ಅಂಟು ಬೋರ್ಡಿನ ಮೇಲೆ ಕೂರುತ್ತದೆ. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ. ಬೆಂಗಳೂರಿನವರಿಗೆ ಇದೆಲ್ಲ ಎಸ್‌ಪಿ ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುತ್ತದೆ.

ಬೇರೆ ಊರಿನಲ್ಲಿದ್ದೀರಿ, ಆನ್‌ಲೈನ್ ಆರ್ಡರ್ ಬರಲು ಮೂರು ದಿನ ಬೇಕು ಅನ್ನುವುದಾದರೆ ಅಷ್ಟು ದಿನ ಕಾಯಬೇಡಿ. ಪರಿಚಯದ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ, "ಅಣ್ಣಾ, ಬಿಚ್ಚಿ ಬ್ಯಾಟರಿ ಕನೆಕ್ಟರ್ ಮಾತ್ರ ತೆಗೆದುಕೊಡಿ, ಬೇರೇನೂ ಬೇಡ" ಅಂತ ಕೇಳಿ. ಐದು ನಿಮಿಷದ ಕೆಲಸ. ಸಾಮಾನು ಬರುವವರೆಗೆ ಕರೆಂಟ್ ಇಲ್ಲದೆ ಸ್ವಿಚ್ ನೆಮ್ಮದಿಯಾಗಿರುತ್ತದೆ.

ಬಿಚ್ಚುವುದು

ಒಂದು ಬಿಳಿ ಹಾಳೆಯ ಮೇಲೆ ಸ್ವಿಚ್‌ನ ಬೆನ್ನಿನ ಚಿತ್ರ ಬರೆಯಿರಿ. ಬಿಚ್ಚಿದ ಸ್ಕ್ರೂವನ್ನು ಚಿತ್ರದಲ್ಲಿ ಅದೇ ಜಾಗಕ್ಕೆ ಟೇಪ್ ಹಾಕಿ ಅಂಟಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಹಾಕಿ ಬಿಗಿದರೆ ಒಳಗೆ ಏನನ್ನಾದರೂ ತಿವಿಯುತ್ತದೆ. ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆಯಿರಿ.

ಬೆನ್ನಿನ ನಾಲ್ಕು ವೈ ಸ್ಕ್ರೂ ಬಿಚ್ಚಿ. ಮೇಲಿನ ಅಂಚಿನಲ್ಲಿ ಒಂದು ಪ್ಲಸ್ ಸ್ಕ್ರೂ, ಕೆಳ ಅಂಚಿನಲ್ಲಿ ಎರಡು. ಜಾಯ್‌ಕಾನ್ ಜಾರುವ ಹಳಿಗಳಲ್ಲಿ ಎರಡೂ ಕಡೆ ನಡುವಿನ ಒಂದೊಂದು ಮಾತ್ರ. ಹಳಿಯಲ್ಲಿ ಕಾಣುವ ಉಳಿದವು ಹಳಿಯನ್ನೇ ಹಿಡಿದಿರುವವು, ಅವನ್ನು ಬಿಡಿ. ಕೊನೆಯದು ಸ್ಟ್ಯಾಂಡಿನ ಕೆಳಗೆ, ಮೈಕ್ರೊಎಸ್‌ಡಿ ಕಾರ್ಡ್ ಕೂರುವ ತಗ್ಗಿನಲ್ಲಿ. ಇದನ್ನು ಮರೆತು ಕವಚ ಎಳೆದು ಮುರಿಯುವವರೇ ಜಾಸ್ತಿ.

ಕವಚ ಎತ್ತಿದರೆ ತಗಡಿನ ಹಾಳೆ ಕಾಣುತ್ತದೆ. ಮೊದಲು ಮೈಕ್ರೊಎಸ್‌ಡಿ ರೀಡರ್‌ನ ಚಿಕ್ಕ ಬೋರ್ಡನ್ನು ಒಂದು ಸ್ಕ್ರೂ ಬಿಚ್ಚಿ ನೆಟ್ಟಗೆ ಮೇಲಕ್ಕೆತ್ತಿ. ಆಮೇಲೆ ತಗಡಿನ ಸ್ಕ್ರೂಗಳು. ತಗಡು ಸ್ವಲ್ಪ ಹಟ ಮಾಡುತ್ತದೆ, ಕೆಳಗಿನ ತಾಮ್ರದ ಪೈಪಿಗೆ ಗುಲಾಬಿ ಬಣ್ಣದ ಥರ್ಮಲ್ ಪೇಸ್ಟಿನಿಂದ ಅಂಟಿರುತ್ತದೆ. ಒಂದು ಅಂಚಿನಿಂದ ನಿಧಾನಕ್ಕೆ ಎಬ್ಬಿಸಿ.

ಈಗ ಬ್ಯಾಟರಿ ಕಾಣುತ್ತದೆ. ಬ್ಯಾಟರಿಯನ್ನು ಕೀಳಬೇಡಿ, ಅದನ್ನು ಗಟ್ಟಿ ಅಂಟಿನಿಂದ ಕೂರಿಸಿದ್ದಾರೆ, ಮೀಟಿದರೆ ಬಾಗುತ್ತದೆ, ತೂತಾದರೆ ಬೆಂಕಿ. ಬೇಕಾಗಿರುವುದು ಅದರ ವೈರುಗಳು ಬೋರ್ಡಿಗೆ ಸೇರುವ ಚಿಕ್ಕ ಕನೆಕ್ಟರ್. ವೈರ್ ಹಿಡಿದು ಎಳೆಯದೆ, ಪ್ಲಾಸ್ಟಿಕ್ ಓಪನರ್‌ನ ತುದಿಯನ್ನು ಅಂಚಿಗೆ ಕೊಟ್ಟು ನೆಟ್ಟಗೆ ಮೇಲಕ್ಕೆ ಎತ್ತಿ. ಟಿಕ್ ಅಂತ ಬಿಡುತ್ತದೆ. ಲೋಹದ ಚಾಕು, ಟ್ವೀಜರ್ ಇಲ್ಲಿ ಬೇಡ. ಅರ್ಧ ಕೆಲಸ ಮುಗಿಯಿತು ಅಂದುಕೊಳ್ಳಿ.

ತೊಳೆಯುವುದು

ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿ ಬೋರ್ಡನ್ನು ಇಂಚು ಇಂಚು ನೋಡಿ. ಕನೆಕ್ಟರ್‌ಗಳ ಬುಡ, ಯುಎಸ್‌ಬಿ-ಸಿ ಪೋರ್ಟಿನ ಹಿಂಬದಿ, ತಗಡಿನ ಅಂಚು, ಇಲ್ಲೇ ನೀರು ನಿಲ್ಲುವುದು. ಬಿಳಿ ಪುಡಿ ಕಂಡರೆ ನೀರಿನ ಉಪ್ಪು, ಗೀಸರ್ ಕಾಯಿಲ್ ಮೇಲೆ ಕೂರುವಂಥದ್ದೇ. ಕಂದು ಅಂಟು ಸಕ್ಕರೆ. ಹಸಿರು, ನೀಲಿ ಪಾಚಿಯಂಥದ್ದು ಕಂಡರೆ ತಾಮ್ರ ಕರಗಲು ಶುರುವಾಗಿದೆ. ಸಾಲಾಗಿ ಹೊಳೆಯುವ ಪಿನ್ನುಗಳ ನಡುವೆ ಒಂದು ಮಾತ್ರ ಕಪ್ಪಾಗಿ ಸಣ್ಣಗಾಗಿದ್ದರೆ ಅದು ಸುಟ್ಟಿದೆ, ಬ್ರಶ್‌ನಿಂದ ವಾಪಸ್ ಬರಲ್ಲ.

ಬರೀ ನೀರು ಬಿದ್ದಿದ್ದರೆ ಇಲ್ಲಿಂದಲೇ ಕೆಲಸ ಸಾಗುತ್ತದೆ. ಬ್ರಶ್ಶನ್ನು ಐಪಿಎಯಲ್ಲಿ ಅದ್ದಿ, ಕಲೆ ಇರುವ ಕಡೆ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿ, ಕೊಳೆ ಬಿಟ್ಟ ದ್ರವವನ್ನು ಟಿಶ್ಯೂನಿಂದ ಹೀರಿಸಿ. ಹೀರಿಸದೆ ಉಜ್ಜುತ್ತಾ ಹೋದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೇ. ಟಿಶ್ಯೂ ಬಿಳಿಯಾಗಿ ಬರುವವರೆಗೆ ಮುಂದುವರಿಸಿ. ಯುಎಸ್‌ಬಿ-ಸಿ ಪೋರ್ಟ್, ಗೇಮ್ ಕಾರ್ಡ್ ಸ್ಲಾಟ್, ಎರಡೂ ಹಳಿಗಳ ಕೊನೆಯ ಪಿನ್ನುಗಳನ್ನು ಬಿಡಬೇಡಿ.

ಸಕ್ಕರೆ ಅಥವಾ ಸಮುದ್ರದ ನೀರಾದರೆ ಬೋರ್ಡನ್ನು ಪೂರ್ತಿ ಹೊರಗೆ ತೆಗೆಯಬೇಕು, ಯಾಕೆಂದರೆ ಇನ್ನೊಂದು ಮುಖದಲ್ಲೂ ಅದು ಹರಡಿರುತ್ತದೆ. ಫ್ಯಾನ್, ತಾಮ್ರದ ಪೈಪು, ಗೇಮ್ ಕಾರ್ಡ್ ಮತ್ತು ಹೆಡ್‌ಫೋನ್ ಜಾಕ್ ಇರುವ ಪುಟ್ಟ ಬೋರ್ಡ್, ಪರದೆಯ ರಿಬ್ಬನ್ ಕೇಬಲ್‌ಗಳು ಎಲ್ಲ ಬಿಚ್ಚಬೇಕು. ರಿಬ್ಬನ್ ಕೇಬಲ್ ಎಳೆಯುವ ಮೊದಲು ಅದರ ಸಣ್ಣ ಚಿಲಕ ಮೇಲಕ್ಕೆತ್ತಬೇಕು. ಆ ಚಿಲಕ ಮುರಿದರೆ ನೀರಿಗಿಂತ ದೊಡ್ಡ ರಿಪೇರಿ. ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದವರಾದರೆ ಈ ಹಂತವನ್ನು ಅಂಗಡಿಗೆ ಬಿಡಿ ಅಂತಲೇ ನನ್ನ ಸಲಹೆ. ಧೈರ್ಯ ಇದ್ದರೆ, ಬರೀ ಬೋರ್ಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಬ್ರಶ್ ಹಾಕಿ ತೊಳೆಯಿರಿ, ನೀರು ಬದಲಿಸಿ ಮತ್ತೆ ತೊಳೆಯಿರಿ, ಕೊನೆಗೆ ಐಪಿಎಯಲ್ಲಿ ಜಾಲಿಸಿ. ಐಪಿಎ ಉಳಿದ ನೀರನ್ನು ತನ್ನ ಜೊತೆ ಎಳೆದುಕೊಂಡು ಬೇಗ ಆರುತ್ತದೆ. ಪರದೆ, ಬ್ಯಾಟರಿ, ಸ್ಪೀಕರ್, ಫ್ಯಾನ್ ಇವನ್ನು ಯಾವುದರಲ್ಲೂ ಮುಳುಗಿಸಬೇಡಿ.

ಐಪಿಎಗೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆಗೆದಿಡಿ. ಅಡುಗೆಮನೆಯಲ್ಲಿ ಬೇಡ, ದೇವರ ದೀಪ, ಊದುಬತ್ತಿ ಉರಿಯುವ ಕಡೆ ಬೇಡ.

ಈಗ ಒಣಗಿಸಿ

ಎಲ್ಲ ಬಿಡಿಬಿಡಿಯಾಗಿ ಹರಡಿ, ಟೇಬಲ್ ಫ್ಯಾನ್ ಗಾಳಿಗೆ ಒಂದು ರಾತ್ರಿ ಬಿಡಿ. ಬಯಲುಸೀಮೆಯ ಬೇಸಿಗೆಯಲ್ಲಿ ಇಷ್ಟು ಸಾಕು. ಆಷಾಢದಲ್ಲಿ ಮಂಗಳೂರು, ಆಗುಂಬೆ ಕಡೆ ಬಟ್ಟೆಯೇ ನಾಲ್ಕು ದಿನ ಒಣಗಲ್ಲ, ಅಲ್ಲಿ ಎರಡು ದಿನ ಕೊಡಿ, ಎಸಿ ಇದ್ದರೆ ಆ ರೂಮಿನಲ್ಲಿಡಿ. ಇಲ್ಲದಿದ್ದರೆ ಗಾಳಿಯಾಡದ ಡಬ್ಬದಲ್ಲಿ ಹೊಸ ಸಿಲಿಕಾ ಜೆಲ್ ಹಾಕಿ ಅದರೊಳಗಿಡಿ. ಶೂ ಡಬ್ಬದಿಂದ ಎತ್ತಿಟ್ಟ ಹಳೇ ಪೊಟ್ಟಣಗಳು ಆಗಲೇ ತೇವ ಕುಡಿದು ಕೂತಿರುತ್ತವೆ.

ಮೊದಲ ಸಲ ಆನ್

ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ, ತಗಡು ಕೂರಿಸಿ. ಬ್ಯಾಟರಿ ಕನೆಕ್ಟರ್ ಒತ್ತಿ. ಹಿಂದಿನ ಕವಚ ಈಗಲೇ ಹಾಕಬೇಡಿ. ಚಾರ್ಜರ್ ಹಾಕದೆ, ಬರೀ ಬ್ಯಾಟರಿಯಲ್ಲಿ ಪವರ್ ಬಟನ್ ಒತ್ತಿ ನೋಡಿ. ನಿಂಟೆಂಡೊದ ಚಾರ್ಜರ್ 15 ವೋಲ್ಟ್‌ವರೆಗೆ ಕೊಡುವಂಥದ್ದು. ಎಲ್ಲೋ ಶಾರ್ಟ್ ಉಳಿದಿದ್ದರೆ ಅದನ್ನು ಹಾಕಿ ಪರೀಕ್ಷೆ ಮಾಡುವುದು ಜಾಣತನ ಅಲ್ಲ. ಲೋಗೊ ಬಂದರೆ ಹತ್ತು ನಿಮಿಷ ಕೈಯಿಟ್ಟು ನೋಡುತ್ತಿರಿ. ಎಲ್ಲಾದರೂ ಒಂದೇ ಜಾಗ ಸುಡುವಷ್ಟು ಬಿಸಿಯಾದರೆ ಆಫ್ ಮಾಡಿ ಕನೆಕ್ಟರ್ ತೆಗೆಯಿರಿ.

ಏನೂ ಬರದಿದ್ದರೆ ಬ್ಯಾಟರಿ ಪೂರ್ತಿ ಇಳಿದಿರಬಹುದು. ಆಗ ಮಾತ್ರ ಚಾರ್ಜರ್ ಹಾಕಿ, ಅರ್ಧ ಗಂಟೆ ಪಕ್ಕದಲ್ಲೇ ಕೂತಿರಿ.

ಆನ್ ಆಗಿ ಚಾರ್ಜ್ ಆಗದಿದ್ದರೆ, ಅಥವಾ ಟಿವಿಗೆ ಜೋಡಿಸುವ ಡಾಕ್ ಅನ್ನುವ ಸ್ಟ್ಯಾಂಡಿನಲ್ಲಿಟ್ಟಾಗ ಟಿವಿಯಲ್ಲಿ ಬರದಿದ್ದರೆ, ಸಂಶಯ ಯುಎಸ್‌ಬಿ-ಸಿ ಪೋರ್ಟ್ ಮತ್ತು ಅದನ್ನು ನೋಡಿಕೊಳ್ಳುವ ಎಂ92ಟಿ36 ಅನ್ನುವ ಚಿಪ್ಪಿನ ಮೇಲೆ. ಸ್ವಿಚ್ ರಿಪೇರಿಯವರಿಗೆ ಇದು ದಿನಾ ಕಾಣುವ ಕೇಸು. ಶಬ್ದ ಬಂದು ಪರದೆ ಕಪ್ಪಾಗಿದ್ದರೆ ಬ್ಯಾಕ್‌ಲೈಟ್ ಹೋಗಿದೆ, ಅಥವಾ ರಿಬ್ಬನ್ ಸರಿಯಾಗಿ ಕೂತಿಲ್ಲ. ಎರಡನೆಯದನ್ನು ಮೊದಲು ನೋಡಿ. ಪರದೆಯಲ್ಲಿ ಮೋಡದಂಥ ಕಲೆ ಕಂಡರೆ ಪದರಗಳ ನಡುವೆ ನೀರು ಹೋಗಿದೆ. ಒಣಗಿದರೂ ಕಲೆ ಉಳಿಯಬಹುದು, ಆಟಕ್ಕೆ ತೊಂದರೆ ಇಲ್ಲ. ಗೇಮ್ ಕಾರ್ಡ್ ಓದದಿದ್ದರೆ ಚಿಂತೆ ಬೇಡ, ಆ ಪುಟ್ಟ ಬೋರ್ಡ್ ಪ್ರತ್ಯೇಕ ಸಿಗುತ್ತದೆ.

ಜಾಯ್‌ಕಾನ್ ಒಳಗೂ ಒಂದೊಂದು 525 ಎಂಎಎಚ್ ಬ್ಯಾಟರಿ ಇದೆ. ಅದನ್ನೂ ಇದೇ ರೀತಿ ಬಿಚ್ಚಿ ತೊಳೆಯಬೇಕು. ಸ್ಟಿಕ್ ಒಳಗೆ ಕೋಲಾ ಹೋಗಿದ್ದರೆ ತೊಳೆದರೂ ಡ್ರಿಫ್ಟ್, ಅಂದರೆ ಮುಟ್ಟದಿದ್ದರೂ ತಾನೇ ಒಂದು ಕಡೆಗೆ ಸರಿಯುವ ತೊಂದರೆ, ಬರಬಹುದು. ಹೊಸ ಸ್ಟಿಕ್ ಹಾಕಿಸುವುದೇ ಸಲೀಸು.

ಅಂಗಡಿಗೆ ಹೋಗುವುದಾದರೆ

ಭಾರತದಲ್ಲಿ ಸಿಗುವ ಸ್ವಿಚ್‌ಗಳು ಹೆಚ್ಚಾಗಿ ಹೊರಗಿನಿಂದ ತಂದವು. ವಾರಂಟಿ ಕಾಗದ ಹುಡುಕಿ ಪ್ರಯೋಜನವಿಲ್ಲ, ಇದ್ದರೂ ನೀರು ಬಿದ್ದದ್ದನ್ನು ಅದು ಒಪ್ಪಲ್ಲ. ಅಂಗಡಿಯಲ್ಲಿ "ಬೋರ್ಡ್ ವಾಶ್" ಅನ್ನುತ್ತಾರೆ. ಯಾವುದರಲ್ಲಿ ವಾಶ್ ಅಂತ ಕೇಳಿ. ಥಿನ್ನರ್ ಅಂದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. ಅಲ್ಟ್ರಾಸಾನಿಕ್ ಯಂತ್ರ ಇದ್ದರೆ ಒಳ್ಳೆಯದು, ತಗಡಿನ ಕೆಳಗೆ, ಚಿಪ್ಪಿನ ಅಡಿ ಬ್ರಶ್ ಹೋಗದ ಕಡೆ ಅದು ಹೋಗುತ್ತದೆ. ಬಿದ್ದದ್ದು ಕಾಫಿಯೋ ಸಮುದ್ರದ ನೀರೋ, ಆಮೇಲೆ ಆನ್ ಮಾಡಿದ್ದೀರೋ ಇಲ್ಲವೋ, ಇದ್ದದ್ದು ಇದ್ದ ಹಾಗೆ ಹೇಳಿ. ಮುಚ್ಚಿಟ್ಟರೆ ಅವರ ಅರ್ಧ ದಿನ, ನಿಮ್ಮ ದುಡ್ಡು ಎರಡೂ ಹೋಗುತ್ತದೆ.

"ಬೇರೆ ಬೋರ್ಡ್ ಹಾಕಿಬಿಡೋಣ" ಅಂದರೆ ತಕ್ಷಣ ಹೂಂ ಅನ್ನಬೇಡಿ. ಗೇಮ್‌ಗಳ ಸೇವ್, ಅಂದರೆ ಎಲ್ಲಿವರೆಗೆ ಆಡಿದ್ದೀರಿ ಅನ್ನುವ ದಾಖಲೆ, ಇರುವುದು ಒಳಗಿನ ಮೆಮೊರಿಯಲ್ಲಿ, ಮೈಕ್ರೊಎಸ್‌ಡಿಯಲ್ಲಿ ಅಲ್ಲ. ಮೊದಲ ಮಾಡೆಲ್ಲಿನಲ್ಲಿ ಆ 32 ಜಿಬಿ ಮೆಮೊರಿ ಪ್ರತ್ಯೇಕ ಪುಟ್ಟ ಬೋರ್ಡಿನಲ್ಲಿದೆ, ಕಿತ್ತು ಇನ್ನೊಂದಕ್ಕೆ ಹಾಕಬಹುದಲ್ವಾ ಅನ್ನಿಸುತ್ತದೆ. ಆಗಲ್ಲ. ಅದರೊಳಗಿನ ಡೇಟಾ ಆ ಒಂದು ಸ್ವಿಚ್‌ನ ಕೀಲಿಗೇ ತೆರೆಯುವಂತೆ ಎನ್‌ಕ್ರಿಪ್ಟ್ ಆಗಿರುತ್ತದೆ. ಸೇವ್ ಬೇಕು ಅಂದರೆ ನಿಮ್ಮ ಹಳೇ ಬೋರ್ಡೇ ಉಸಿರಾಡಬೇಕು. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಗೇಮ್‌ಗಳು ಅಕೌಂಟಿನಲ್ಲಿ ಇದ್ದೇ ಇರುತ್ತವೆ, ಅವುಗಳ ಭಯ ಬೇಡ.

ಹಾಗಾಗಿ ಸ್ವಿಚ್ ಎದ್ದು ಕೂತ ತಕ್ಷಣ ಗೇಮ್ ಆಡಬೇಡಿ. ವೈಫೈ ಹಾಕಿ, ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಇದ್ದರೆ ಎಲ್ಲ ಸೇವ್‌ಗಳನ್ನೂ ಕ್ಲೌಡಿಗೆ ಕಳಿಸಿ. ಕೆಲವು ಗೇಮ್‌ಗಳು ಕ್ಲೌಡಿಗೆ ಹೋಗಲ್ಲ. ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್‌ಗೆ ದ್ವೀಪದ ಬ್ಯಾಕಪ್ ಅಂತ ಬೇರೆಯೇ ವ್ಯವಸ್ಥೆ ಇದೆ, ಅದನ್ನು ಗೇಮ್ ಕಡೆಯಿಂದಲೇ ಆನ್ ಮಾಡಬೇಕು. ಹತ್ತಿರದಲ್ಲಿ ಇನ್ನೊಂದು ಸ್ವಿಚ್ ಇದ್ದರೆ ಸೇವ್‌ಗಳನ್ನು ನೇರ ಅದಕ್ಕೆ ವರ್ಗಾಯಿಸಲೂಬಹುದು. ಇದೆಲ್ಲ ಮುಗಿದ ಮೇಲೆ ಆಫ್ ಮಾಡಿ, ಹಿಂದಿನ ಕವಚ ಹಾಕಿ, ಹಾಳೆಗೆ ಅಂಟಿಸಿದ ಸ್ಕ್ರೂಗಳನ್ನು ಒಂದೊಂದಾಗಿ ವಾಪಸ್ ಬಿಗಿಯಿರಿ. ಮೈಕ್ರೊಎಸ್‌ಡಿ ತಗ್ಗಿನ ಪುಟ್ಟ ಸ್ಕ್ರೂ ಮರೆಯಬೇಡಿ.